ಹಿಮದ ಪಾಲು

ಆಗ ನಮ್ಮ ಕಡೆ ಆರು ಮನೆಗಳಿಗೆ ಒಂದೇ ಟೆಲಿಫೋನ್ ತಂತಿ. ಎರಡು ಸಲ ಉದ್ದಕ್ಕೆ, ಒಂದು ಸಲ ಗಿಡ್ಡಕ್ಕೆ ಗಂಟೆ ಬಾರಿಸಿದರೆ ಅದು ನಮ್ಮ ಮನೆಗೆ ಬಂದ ಕರೆ. ಉಳಿದ ಐದು ಮನೆಯವರೂ ಮೆಲ್ಲಗೆ ರಿಸೀವರ್ ಎತ್ತಿ ಕೇಳಿಸಿಕೊಳ್ಳುತ್ತಿದ್ದರು. ಅದನ್ನು ಯಾರೂ ತಪ್ಪು ಅಂದುಕೊಂಡಿರಲಿಲ್ಲ. ಅರವತ್ತೊಂದನೆಯ ಇಸವಿಯ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಪಕ್ಕದ ಹೊಲದ ಒನುಫ್ರಿ ನನ್ನ ತಮ್ಮನ ಹೆಂಡತಿ ತೆಕ್ಲಾಳಿಗೆ ಫೋನ್ ಮಾಡಿದಾಗ, ಅವನು ಆಡಿದ್ದು ಅವಳೊಬ್ಬಳಿಗೇ ಅಲ್ಲ, ಊರಿಗೆಲ್ಲ ಕೇಳಲೆಂದೇ.

"ತೆಕ್ಲಾ, ಸರ್ವೆಯವನು ಬಂದು ಗೂಟ ಹೊಡೆದು ಹೋದ. ನಿನ್ ಗಂಡ ನೆಟ್ಟ ಬೇಲಿಸಾಲು ಅಷ್ಟೂ ನನ್ ನೆಲದಲ್ಲಿದೆ. ಹದಿನಾಲ್ಕು ಅಡಿ ಒಳಗೆ."

"ಏನಂದೆ?"

"ಕಿವಿ ಚೆನ್ನಾಗೇ ಇದೆಯಲ್ಲ? ಈಗ ಚಳಿಗೆ ನೆಲ ಗಟ್ಟಿಯಾಗ್ತಾ ಇದೆ, ಬೇರು ಬರಲ್ಲ. ಮೇ ತಿಂಗಳಲ್ಲಿ ಪ್ರೊಕಿಪ್‌ನ ಬುಲ್ಡೋಜರ್ ತರಿಸ್ತೀನಿ. ಎಲ್ಲಾ ಕಿತ್ತು ಗುಡ್ಡೆ ಹಾಕಿ ಬೆಂಕಿ ಇಡ್ತೀನಿ. ಚಳಿ ಕಾಯಿಸ್ಕೋಬೇಕು ಅನ್ಸಿದ್ರೆ ನೀನೂ ಬಾ."

ತೆಕ್ಲಾ ಬಾಯಿ ತೆರೆಯುವಷ್ಟರಲ್ಲಿ ತಂತಿಯಲ್ಲಿ ಯಾರೋ ಕೆಮ್ಮಿದರು. ಅದು ಒನುಫ್ರಿಯ ಹೆಂಡತಿ ಪಾರಾಸ್ಕಾಳ ಕೆಮ್ಮು ಎಂದು ತೆಕ್ಲಾಳಿಗೂ, ಅವಳ ಪಕ್ಕ ರಿಸೀವರಿಗೆ ಕಿವಿಕೊಟ್ಟು ನಿಂತಿದ್ದ ನನಗೂ ಗೊತ್ತು. ಪಾರಾಸ್ಕಾ ಆಗ ಇದೇ ತಂತಿಯ ಮೇಲಿದ್ದ ತನ್ನ ತಂಗಿಯ ಮನೆಯಲ್ಲಿದ್ದಳು. 'ಈಗ ಮಾತಾಡಬೇಡ, ಅವನಿಗೆ ತಲೆ ಕೆಟ್ಟಿದೆ' ಎನ್ನುವುದಕ್ಕೆ ಅವಳಿಗೆ ಇದ್ದ ದಾರಿ ಅದೊಂದೇ. ತೆಕ್ಲಾ ಆ ಕೆಮ್ಮನ್ನು ಕೇಳಿಯೂ ಕೇಳದವಳಂತೆ ಹೇಳಿದಳು:

"ಕೀಳೋ ಮುಂಚೆ ನಿನ್ ಕೈ ಬಿದ್ದು ಹೋಗ್ಲಿ." ರಿಸೀವರನ್ನು ಗೋಡೆಗೆ ಕುಟ್ಟಿದ ಹಾಗೆ ಇಟ್ಟಳು.

ಆ ಬೇಲಿಸಾಲನ್ನು ನಾನು ಮೂವತ್ತಾರರಲ್ಲಿ ನೆಡುವಾಗಿನಿಂದ ನೋಡಿದ್ದೇನೆ. ನನ್ನ ತಮ್ಮ ದನಿಲೋ ಸರ್ಕಾರದ ಸಸ್ಯಕ್ಷೇತ್ರದಿಂದ ಪುಕ್ಕಟೆ ಬಂದ, ಕ್ಯಾರಗಾನ ಎಂಬ ಪೊದೆಗಿಡದ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. ಒಂದೊಂದೂ ಪೆನ್ಸಿಲಿನಷ್ಟು ದಪ್ಪ. ನಮ್ಮ ಹೊಲಕ್ಕೂ ಪಡುವಣದ ಒನುಫ್ರಿಯ ಹೊಲಕ್ಕೂ ನಡುವೆ ಇದ್ದ ಹಳೆಯ ತಂತಿಬೇಲಿಯ ಗುಂಟ, ಉತ್ತರದಿಂದ ದಕ್ಷಿಣಕ್ಕೆ ಅರ್ಧ ಮೈಲಿ ಉದ್ದ, ಅಡಿಗೊಂದರಂತೆ ಸಸಿ ಊರಿದೆವು. ಅವತ್ತು ದಾರ ಹಿಡಿದು ಸಾಲು ನೇರ ಮಾಡಿದವನು ಇದೇ ಒನುಫ್ರಿ. ಆಗ ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಂಥ ಗೆಳೆಯರು.

ತಪ್ಪು ಅದಕ್ಕೂ ಹಿಂದಿನದು. ನಮ್ಮ ಅಪ್ಪಂದಿರು ಉಕ್ರೇನಿನಿಂದ ಕಡಲು ದಾಟಿ ಬಂದು ಸಾಸ್ಕಟೂನ್ ಸೀಮೆಯ ಈ ಬಯಲಿನಲ್ಲಿ ನೆಲ ಹಿಡಿದಾಗ ಸರ್ಕಾರ ಮೂಲೆಮೂಲೆಗೆ ನೆಟ್ಟಿದ್ದ ಕಬ್ಬಿಣದ ಗೂಟಗಳಲ್ಲಿ ಅರ್ಧ ಕಾಣೆಯಾಗಿದ್ದವು. ಸಿಕ್ಕ ಒಂದು ಗೂಟದಿಂದ ಗಾಡಿ ಹೊಡೆದುಕೊಂಡು ಹೋಗಿ ಗಡಿ ಗೊತ್ತುಮಾಡುತ್ತಿದ್ದರು. ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆ ಕಟ್ಟುವುದು, ಅದು ಎಷ್ಟು ಸಲ ಮೇಲೆ ಬಂತೆಂದು ಎಣಿಸುವುದು. ಆ ದಿನ ಎಣಿಸುತ್ತಿದ್ದವನು ಒನುಫ್ರಿಯ ಅಪ್ಪ ತಿಮ್ಕೋ. ನಡುವೆ ಎಲ್ಲೋ ಕೊಳವೆಗೆ ಹೊಗೆಸೊಪ್ಪು ತುಂಬುವಾಗ ಒಂದು ಸುತ್ತು ತಪ್ಪಿರಬೇಕು. ಒಂದು ಸುತ್ತೆಂದರೆ ಹದಿನಾಲ್ಕು ಅಡಿಗೆ ನಾಲ್ಕಿಂಚು ಕಮ್ಮಿ. ಆ ತಪ್ಪಿನ ಮೇಲೆ ಬೇಲಿ ಬಂತು, ಬೇಲಿಯ ಗುಂಟ ಗಿಡ ಬಂತು, ಗಿಡದ ಆಚೆ ಈಚೆ ಎರಡು ಸಂಸಾರ ಬೆಳೆದವು. ಐವತ್ತು ವರ್ಷ ಯಾರಿಗೂ ಅನುಮಾನವೇ ಬಂದಿರಲಿಲ್ಲ.

ಅನುಮಾನ ತಂದದ್ದು ಆ ವರ್ಷದ ಬೇಸಿಗೆ. ಏಪ್ರಿಲಿನಿಂದ ಆಗಸ್ಟಿನ ತನಕ ಮಳೆ ಎಂದು ಹೇಳುವಂಥದು ಬೀಳಲಿಲ್ಲ. ಸುತ್ತಲಿನ ಗೋಧಿಯೆಲ್ಲ ಮೊಣಕಾಲಿಗೆ ಬರದೆ ತೆನೆ ಕಟ್ಟಿತು. ನಮ್ಮ ಹೊಲದಲ್ಲಿ ಮಾತ್ರ, ಬೇಲಿಸಾಲಿನ ಮೂಡಣಕ್ಕೆ ಐವತ್ತು ಹೆಜ್ಜೆಯಷ್ಟು ಅಗಲದ ಪಟ್ಟೆಯೊಂದು ಸೊಂಟದೆತ್ತರ ನಿಂತಿತ್ತು. ಚಳಿಗಾಲದಲ್ಲಿ ಪಡುವಣ ಗಾಳಿ ಹೊತ್ತು ತರುವ ಹಿಮವೆಲ್ಲ ಆ ಗಿಡಗಳಿಗೆ ತಡೆದು ಅಲ್ಲೇ ಬೀಳುತ್ತದೆ. ಕರಗಿದಾಗ ಅಲ್ಲೇ ಇಂಗುತ್ತದೆ. ದನಿಲೋ ತೀರಿಕೊಂಡ ಮೇಲೆ ತೆಕ್ಲಾ ಒಬ್ಬಳೇ ನಡೆಸುತ್ತಿದ್ದ ನೂರ ಅರವತ್ತು ಎಕರೆಯಲ್ಲಿ ಆ ವರ್ಷ ಮನೆಗೆ ಬಂದದ್ದು ಆ ಪಟ್ಟೆಯ ಕಾಳು. ಅದು ಹೋದರೆ ಬೇಸಾಯವೇ ಹೋದಂತೆ. ಮಾರಿ ಪಟ್ಟಣ ಸೇರುವುದೊಂದೇ ಉಳಿಯುತ್ತಿತ್ತು.

ಒನುಫ್ರಿ ಕೆಟ್ಟ ಬೇಸಾಯಗಾರನಲ್ಲ. ಶಾಲೆಯಲ್ಲಿ ನನ್ನ ಕೈಯಲ್ಲೇ ಕಲಿತವನು. ಗುಣಾಕಾರ ತಪ್ಪಾದರೆ ಸ್ಲೇಟನ್ನು ಎಂಜಲು ಹಚ್ಚಿ ಉಜ್ಜದೆ, ಹೊರಗೆ ಹೋಗಿ ತೊಳೆದು ತರುತ್ತಿದ್ದ ಹುಡುಗ. ಹೊಲವನ್ನೂ ಹಾಗೇ ಇಟ್ಟುಕೊಂಡಿದ್ದ. ನಮ್ಮಲ್ಲಿ ಅರ್ಧ ಹೊಲ ಬಿತ್ತಿ ಅರ್ಧ ಒಂದು ವರ್ಷ ಬೀಳು ಬಿಡುವುದು ಪದ್ಧತಿ. ಬೀಳುಬಿಟ್ಟ ನೆಲದಲ್ಲಿ ಒಂದು ಕಡ್ಡಿ ಹುಲ್ಲಿಲ್ಲದಂತೆ, ಒಂದು ಕೂಳೆ ಕಾಣದಂತೆ ಮತ್ತೆ ಮತ್ತೆ ಉತ್ತು ಕಾಡಿಗೆಯ ಹಾಗೆ ಕಪ್ಪಗೆ ಇಡುವವನೇ ದೊಡ್ಡ ರೈತ. ಒನುಫ್ರಿಯ ಬೀಳು ಇಡೀ ಸೀಮೆಗೇ ಕಪ್ಪು. ಭಾನುವಾರ ಚರ್ಚಿನಿಂದ ಬರುವಾಗ ಜನ ಟ್ರಕ್ ನಿಲ್ಲಿಸಿ ನೋಡುತ್ತಿದ್ದರು. ಆದರೆ ಅಂಥ ಬೋಳು ನೆಲದಲ್ಲಿ ಹಿಮಕ್ಕೆ ಹಿಡಿದುಕೊಳ್ಳಲು ಏನಿದೆ? ಗಾಳಿ ಗುಡಿಸಿದ ಹಾಗೆ ಗುಡಿಸಿ ತಂದು ಬೇಲಿಸಾಲಿಗೆ ಸುರಿಯುತ್ತಿತ್ತು. ತೆಕ್ಲಾ ಸೋಮಾರಿ ಅನ್ನಿಸಿಕೊಂಡರೂ ಕೂಳೆಯನ್ನು ಹಾಗೇ ಬಿಡುತ್ತಿದ್ದಳು.

ಧಾನ್ಯದ ಗೋದಾಮಿನಲ್ಲಿ ಯಾರೋ ತಮಾಷೆ ಮಾಡಿದರಂತೆ: "ಒನುಫ್ರಿ, ನಿನ್ನ ಹಿಮ ತಿಂದು ತೆಕ್ಲಾಳ ಗೋಧಿ ದಪ್ಪಗಾಗಿದೆ." ಎಲ್ಲರೂ ನಕ್ಕರಂತೆ. ಮರುವಾರವೇ ಅವನು ಸರ್ವೆಗೆ ಬರೆದ.

ಅಲ್ಲಿಂದ ಆ ಚಳಿಗಾಲವೆಲ್ಲ ಜಗಳವೇ. ಅಂಗಡಿಯಲ್ಲಿ ಎದುರಾದರೆ ಅವನು ಗಟ್ಟಿಯಾಗಿ, "ಎಲ್ಲಾರೂ ಜೇಬು ನೋಡ್ಕೊಳ್ರಪ್ಪಾ, ಹಿಮಗಳ್ಳಿ ಬಂದ್ಲು" ಅನ್ನುವನು.

"ಕದಿಯೋಕೆ ನಿನ್ ಹತ್ರ ಏನಿದ್ಯೋ? ಗಾಳಿ ಕೂಡ ನಿನ್ ಹೊಲದಲ್ಲಿ ನಿಲ್ಲಲ್ಲ, ನಾಚ್ಕೊಂಡು ಓಡಿ ಬರುತ್ತೆ," ಅನ್ನುವಳು ತೆಕ್ಲಾ.

"ನಲವತ್ತೆಕರೆ ಹಿಮ ನಂದು. ವರ್ಷಾ ವರ್ಷಾ ಹೊತ್ಕೊಂಡು ಹೋಗಿದ್ದೀಯ."

"ಹೆಸರು ಬರೆದಿದ್ಯಾ ಅದರ ಮೇಲೆ? ತಗೊಂಡು ಬಾ, ಓದಿಸೋಣ."

ನಡುವೆ ನಾನು ನಿಂತರೆ ಮಾತ್ರ ಅವನು ಟೋಪಿ ತೆಗೆದು, "ನೀವು ಹುಷಾರಾಗಿದ್ದೀರಾ, ಟೀಚರಮ್ಮ?" ಎನ್ನುವನು. ಮತ್ತೆ ಟೋಪಿ ಹಾಕಿಕೊಂಡು ಬೈಗುಳ ಮುಂದುವರಿಸುವನು.

ಜನವರಿಯಲ್ಲಿ, ಹಳೆಯ ಪಂಚಾಂಗದ ನಮ್ಮ ಕ್ರಿಸ್ಮಸ್ ಕಳೆದ ನಾಲ್ಕನೆಯ ದಿನದಿಂದ ಮೂರು ಹಗಲು ಬಿಡದೆ ಹಿಮಗಾಳಿ ಬೀಸಿತು. ನಿಂತಾಗ ಮನೆಯ ಕಿಟಕಿಗಳ ಅರ್ಧದವರೆಗೂ ಹಿಮ. ತೆಕ್ಲಾಳ ಟ್ರ್ಯಾಕ್ಟರ್ ಕೆಟ್ಟು ಕೂತಿತ್ತು. ಹತ್ತು ಗಂಟೆಗೆ ಒನುಫ್ರಿ ತನ್ನ ಟ್ರ್ಯಾಕ್ಟರಿಗೆ ಹಿಮ ತಳ್ಳುವ ಹಲಗೆ ಕಟ್ಟಿಕೊಂಡು ಬಂದ. ರಸ್ತೆಯಿಂದ ನಮ್ಮ ಅಂಗಳದವರೆಗೂ ದಾರಿ ಬಿಡಿಸಿದ. ನಮ್ಮ ಮನೆಗೆ ಎರಡು ಬಾಗಿಲು. ಪಕ್ಕದ್ದು ನನ್ನ ಕೋಣೆಯದು, ಮುಂದಿನದು ತೆಕ್ಲಾ ಓಡಾಡುವ ಅಡುಗೆಮನೆಯದು. ಅವನು ನನ್ನ ಬಾಗಿಲಿನ ತನಕ ಸ್ವಚ್ಛವಾಗಿ ತೆಗೆದ, ಟ್ರ್ಯಾಕ್ಟರಿನಿಂದ ಇಳಿದು ಬಂದು ಮೆಟ್ಟಿಲನ್ನು ಸಲಿಕೆಯಿಂದ ಕೆರೆದ. ಆಮೇಲೆ ತಳ್ಳಿಕೊಂಡು ಬಂದ ಅಷ್ಟೂ ಹಿಮವನ್ನು ಅಡುಗೆಮನೆಯ ಬಾಗಿಲಿಗೆ ಒತ್ತಿ ಗುಡ್ಡ ಮಾಡಿದ.

ಒಳಗಿಂದ ತೆಕ್ಲಾ ಬಾಗಿಲು ಗುದ್ದಿದಳು. "ಏಯ್ ದರಿದ್ರದವನೇ! ನಾನು ಹೊರಗೆ ಬರೋದು ಹೇಗೋ?"

"ನಿನಗೆ ಹಿಮ ಅಂದ್ರೆ ಪ್ರೀತಿ ಅಲ್ವಾ? ಇಟ್ಕೋ! ಇದಕ್ಕೆ ಬಾಡಿಗೆ ಕೇಳಲ್ಲ!"

ನಾನು ಬಿಸಿ ಬಿಸಿ ಚಹಾವನ್ನು ಪಕ್ಕದ ಬಾಗಿಲಿನಿಂದ ಕೊಟ್ಟೆ. ಎರಡು ಗುಟುಕಿಗೆ ಕುಡಿದ. ಲೋಟ ಹಿಂದೆ ಕೊಡುವಾಗ, "ನಿಮ್ಮ ಸೌದೆ ಒಳಗಿದೆ ತಾನೇ, ಟೀಚರಮ್ಮ?" ಎಂದು ಕೇಳಿದ. ಒಳಗಿದೆ ಎಂದೆ. ಅವನು ಹೋದ ಮೇಲೆ ನೋಡಿದರೆ ಮೆಟ್ಟಿಲ ಮೇಲೆ ಜಾರದಿರಲೆಂದು ಬೂದಿ ಹಾಕಿದ್ದ. ತನ್ನ ಮನೆಯಿಂದಲೇ ಡಬ್ಬದಲ್ಲಿ ತಂದಿದ್ದಿರಬೇಕು. ತೆಕ್ಲಾಳಿಗೆ ತೋರಿಸಿದೆ. "ಆ ಬೂದಿ ಅವನ ಬಾಯಿಗೆ ಹಾಕಬೇಕಿತ್ತು, ಅತ್ತಿಗೆ," ಎಂದಳು.

ಫೆಬ್ರುವರಿಯಲ್ಲಿ ನಾನೇ ಮಾತು ತೆಗೆದೆ. ಬೇಲಿಸಾಲು ಹೋಗುವುದು ಹೋಗಿಯೇ ಹೋಗುತ್ತದೆ, ನೆಲ ಅವನದೆಂದು ಕಾಗದದಲ್ಲಿದೆ, ನಾವು ನಮ್ಮ ನೆಲದಲ್ಲಿ ಹೊಸ ಸಾಲು ನೆಡೋಣ, ಸಸ್ಯಕ್ಷೇತ್ರಕ್ಕೆ ಬರೆದರೆ ಸಸಿ ಕಳಿಸುತ್ತಾರೆ ಎಂದು ಹೇಳಿದೆ. ತೆಕ್ಲಾ ಬಟಾಣಿ ಆರಿಸುತ್ತಾ ಕೂತಿದ್ದಳು. ಸಾಸ್ಕಟೂನಿನ ಕಾಲೇಜಿನಲ್ಲಿ ಒಂದು ಚಳಿಗಾಲ ಮಣ್ಣಿನ ಪಾಠ ಕಲಿತಿದ್ದೆನಾದ್ದರಿಂದ, ಸಾಲು ಎಲ್ಲಿ ಹಾಕಬೇಕೆಂಬುದನ್ನೂ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಅರ್ಜಿ ಬರೆದು ಅವಳ ಕೈಗೆ ಕೊಟ್ಟೆ. ಅಂಚೆಗೆ ಹಾಕುತ್ತೇನೆಂದು ಮಡಿಚಿ ಇಟ್ಟುಕೊಂಡಳು.

ಮಾರ್ಚಿನಲ್ಲಿ ಈಸ್ಟರ್ ಹಬ್ಬದ ದೊಡ್ಡ ಉಪವಾಸ ಶುರುವಾಗುವ ಮುಂಚಿನ ಭಾನುವಾರ ಬಂತು. ಅವತ್ತು ಚರ್ಚಿನಲ್ಲಿ ಎಲ್ಲರೂ ಸಾಲಾಗಿ ನಿಂತು, ಒಬ್ಬರ ಮುಂದೆ ಒಬ್ಬರು ಬಾಗಿ, "ನನ್ನನ್ನು ಕ್ಷಮಿಸು" ಎಂದು ಕೇಳಬೇಕು. ಎದುರಿನವರು "ದೇವರು ಕ್ಷಮಿಸುತ್ತಾನೆ, ನಾನೂ ಕ್ಷಮಿಸುತ್ತೇನೆ" ಅನ್ನಬೇಕು. ಕೆನ್ನೆಗೆ ಮೂರು ಸಲ ಮುತ್ತಿಡಬೇಕು. ಸಾಲು ಹಾವಿನಂತೆ ಮಡಿಚಿಕೊಂಡು ಹೋಗುವುದರಿಂದ ಯಾರಿಗೆ ಯಾರು ಎದುರಾದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನನ್ನ ಹಿಂದೆಯೇ ತೆಕ್ಲಾ. ಒನುಫ್ರಿ ನನ್ನ ಮುಂದೆ ಬಾಗಿದ, ನಾನು ಹೇಳಬೇಕಾದದ್ದನ್ನು ಹೇಳಿದೆ. ಅವನ ಗಡ್ಡ ಚಳಿಗೆ ಒದ್ದೆಯಾಗಿತ್ತು. ಆಮೇಲೆ ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ತೆಕ್ಲಾ ಬಾಗಿದಳು. ಬೆನ್ನು ಬಾಗಿತು, ಕಣ್ಣು ಬಾಗಲಿಲ್ಲ. "ನನ್ನನ್ನು ಕ್ಷಮಿಸು."

"ದೇವರು ಕ್ಷಮಿಸ್ತಾನೆ," ಎಂದ ಒನುಫ್ರಿ. ಅಲ್ಲಿಗೇ ನಿಲ್ಲಿಸಿದ.

ಹಿಂದಿನವರೆಲ್ಲ ಉಳಿದರ್ಧಕ್ಕೆ ಕಾದರು. ಪಾದ್ರಿ ಗಂಟಲು ಸರಿಮಾಡಿಕೊಂಡರು.

"ಅವನಿಗೆ ಅದೇ ಕೆಲಸ," ಎಂದು ಸೇರಿಸಿದ ಒನುಫ್ರಿ, "ನನಗೆ ಬೇರೆ ಕೆಲಸ ಇದೆ." ಮುಂದಿನವರ ಹತ್ತಿರ ಹೋದ.

ಪಾರಾಸ್ಕಾ ಅವನ ಹಿಂದೆ ಇದ್ದಳು. ಅವಳು ತೆಕ್ಲಾಳನ್ನು ಎರಡೂ ಕೈಯಿಂದ ಹಿಡಿದು ಮೂರಲ್ಲ, ಆರು ಮುತ್ತಿಟ್ಟಳು. ಗಂಡನ ಪಾಲಿನದೂ ಸೇರಿಸಿ ಕೊಟ್ಟಳು ಎಂದು ನಾನು ಅಂದುಕೊಂಡೆ. ಮನೆಗೆ ಬರುವಾಗ ತೆಕ್ಲಾ ಕೆನ್ನೆ ಒರೆಸಿಕೊಳ್ಳುತ್ತಾ, "ಅವಳು ಒಳ್ಳೆಯವಳೇ. ಅಂಥ ಒಳ್ಳೆಯವಳು ಮೂವತ್ತು ವರ್ಷದಿಂದ ಅವನನ್ನ ಕೊಲ್ಲದೆ ಬಿಟ್ಟಿದ್ದಾಳಲ್ಲ, ಅದಕ್ಕೇ ನನಗೆ ಸಿಟ್ಟು," ಎಂದಳು.

ಈಸ್ಟರ್ ಕಳೆದು ಹತ್ತು ದಿನಕ್ಕೆ ಪ್ರೊಕಿಪ್ ಬುಲ್ಡೋಜರ್ ತಂದ. ಬೆಳಿಗ್ಗೆ ಎಂಟಕ್ಕೇ ಅದರ ಸದ್ದು ಕೇಳಿ ತೆಕ್ಲಾ ಗಂಡನ ಕೋಟು ಹಾಕಿಕೊಂಡು ಓಡಿದಳು. ನಾನು ಕೊಟ್ಟಿಗೆಗೆ ಹೋಗಿ ದನಿಲೋನ ಸಲಾಕೆಯನ್ನು ಎತ್ತಿಕೊಂಡು ಹಿಂದೆ ಹೋದೆ. ನಾಲ್ಕೂವರೆ ಅಡಿ ಉದ್ದದ, ಬೆರಳು ದಪ್ಪದ ಕಬ್ಬಿಣದ ಸರಳು ಅದು. ಮೇಲೆ ಅಡ್ಡ ಹಿಡಿ, ತುದಿಯಲ್ಲಿ ಸಣ್ಣ ಗುಂಡು, ಅಡಿಗೊಂದು ದೊಡ್ಡ ಗೆರೆ, ಇಂಚಿಗೊಂದು ಸಣ್ಣ ಗೆರೆ. ನೆಲಕ್ಕೆ ಊರಿ ಮೈಭಾರ ಹಾಕಿ ಒತ್ತಿದರೆ ಹಸಿ ಇರುವ ತನಕ ಇಳಿಯುತ್ತದೆ. ಒಣ ಮಣ್ಣು ತಗಲಿದ ತಕ್ಷಣ ಕಲ್ಲಿಗೆ ತಾಗಿದ ಹಾಗೆ ನಿಲ್ಲುತ್ತದೆ. ಬಿತ್ತುವ ಮುಂಚೆ ನಮ್ಮಲ್ಲಿ ಎಲ್ಲರೂ ತಮ್ಮ ಹೊಲಕ್ಕೆ ಊರಿ ನೋಡುತ್ತಾರೆ. ಬೇರೆಯವರ ಹೊಲಕ್ಕೆ ಊರುವುದು ಮರ್ಯಾದೆಯಲ್ಲ.

ಬೇಲಿಸಾಲಿನ ಮುಂದೆ ತೆಕ್ಲಾ ಕೈ ಅಗಲಿಸಿ ನಿಂತಿದ್ದಳು. ಬುಲ್ಡೋಜರಿನ ಮೇಲಿನಿಂದ ಪ್ರೊಕಿಪ್, "ಅಕ್ಕಾ, ಪಕ್ಕಕ್ಕೆ ಬಾ. ನನಗೂ ಹೊಟ್ಟೆಪಾಡು," ಎಂದು ಬೇಡುತ್ತಿದ್ದ.

"ನನ್ ಮೇಲೆ ಹತ್ತಿಸು! ಹತ್ತಿಸೋ, ನೋಡೋಣ!"

"ಹತ್ತಿಸೋ, ಪ್ರೊಕಿಪ್! ಕಬ್ಬಿಣಕ್ಕೇ ಪೆಟ್ಟಾಗೋದು," ಎಂದ ಒನುಫ್ರಿ. ಪಾರಾಸ್ಕಾ ಟ್ರಕ್ಕಿನಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದಳು.

ನಾನು ಏದುಸಿರು ಬಿಡುತ್ತಾ ಹೋಗಿ ಸಲಾಕೆಯನ್ನು ಒನುಫ್ರಿಯ ಕೈಗೇ ಕೊಟ್ಟೆ. "ಒನುಫ್ರಿ, ಅವಳು ಕದ್ದಳು ಕದ್ದಳು ಅಂತ ಎಂಟು ತಿಂಗಳಿಂದ ಹೇಳ್ತಾ ಇದ್ದೀಯ. ಎಷ್ಟು ಕದ್ದಳು ಅಂತ ಅಳೆದು ನೋಡಿದ್ದೀಯಾ? ಲೆಕ್ಕ ಮಾಡದೆ ಉತ್ತರ ಬರೀಬಾರದು ಅಂತ ನಿನಗೆ ಹೇಳಿಕೊಟ್ಟಿದ್ದೆ."

ಅವನು ಸಲಾಕೆ ತಿರುಗಿಸಿ ನೋಡಿದ. ಅದನ್ನು ಅವನು ಗುರುತು ಹಿಡಿದ. "ಅಳೀತೀನಿ, ಟೀಚರಮ್ಮ. ಪ್ರೊಕಿಪ್, ಇಳಿದು ಬಾ, ನೀನು ಸಾಕ್ಷಿ. ಇವತ್ತು ಕಳ್ಳತನ ಎಲ್ಲರ ಎದುರಿಗೆ ಬಯಲಾಗ್ಲಿ."

ಮೊದಲು ತನ್ನ ಕಪ್ಪು ಹೊಲದ ನಡುಮಧ್ಯಕ್ಕೆ ನಡೆದ. ಸಲಾಕೆ ಊರಿ ಎರಡು ಕೈಯಿಂದ ಒತ್ತಿದ. ಅದು ಒಂದಡಿ ಮೂರಿಂಚಿಗೆ ನಿಂತಿತು. ಮತ್ತೆರಡು ಕಡೆ ಊರಿದ, ಅದೇ ಅಳತೆ. ಅವನ ಮುಖ ನೋಡಲು ನನಗೆ ಕಷ್ಟವಾಯಿತು. ಅಷ್ಟು ಹಸಿಗೆ ಬಿತ್ತಿದರೆ ಜೂನಿನ ಮಳೆಯನ್ನೇ ನಂಬಿ ಕೂರಬೇಕು. ಅಲ್ಲಿಂದ ಬೇಲಿಸಾಲಿನ ಬುಡಕ್ಕೆ ಬಂದು, ಗಿಡದಿಂದ ಎರಡು ಹೆಜ್ಜೆಗೆ ಊರಿದ. ಎಂಟು ಇಂಚಿಗೆ ಟಣ್ಣೆಂದು ನಿಂತಿತು.

"ನೋಡಿದ್ರಾ? ನೋಡಿದ್ಯೇನೋ ಪ್ರೊಕಿಪ್? ಆಚೆ ಹಿಮ ಕದೀತಾಳೆ, ಈಚೆ ಅವಳ ಗಿಡದ ಬೇರು ನನ್ ನೀರು ಕುಡಿಯುತ್ತೆ. ಟ್ರ್ಯಾಕ್ಟರ್ ಮೇಲೆ ಕೂತು ವರ್ಷಾ ವರ್ಷಾ ನೋಡಿದ್ದೀನಿ, ಈ ಅಂಚಿನಲ್ಲಿ ಗೋಧಿ ಗೇಣುದ್ದ ಬರಲ್ಲ."

"ಅಂಚು ಹೌದು," ಎಂದೆ. "ಅಲ್ಲಿ ಬೇರಿದೆ. ಇನ್ನು ಹತ್ತು ಹೆಜ್ಜೆ ಈಚೆ ಬಾ. ನಿನ್ನ ಕಡೆಗೇ."

"ಯಾಕೆ?"

"ಅಳತೆ ಒಂದು ಕಡೆ ಮಾಡಿದರೆ ಅಳತೆ ಆಗಲ್ಲ."

ಗೊಣಗುತ್ತಾ ಹತ್ತು ಹೆಜ್ಜೆ ಎಣಿಸಿದ. ಸಿಟ್ಟಿನ ಭರದಲ್ಲಿ ಇಡೀ ಮೈಭಾರ ಹಾಕಿ ಒತ್ತಿದ. ಸಲಾಕೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಅದರ ಹಿಂದೆ ಅವನೂ ಮುಗ್ಗರಿಸಿ ಮೊಣಕಾಲೂರಿ ಬಿದ್ದ. ಪ್ರೊಕಿಪ್ ನಗು ತಡೆಯಲಾರದೆ ಬುಲ್ಡೋಜರಿನ ಕಡೆ ತಿರುಗಿಕೊಂಡ.

ಮೂರಡಿ ಎರಡಿಂಚು.

ಅವನು ಎದ್ದು, ಪ್ಯಾಂಟಿನ ಮಣ್ಣನ್ನು ಒರೆಸಿಕೊಳ್ಳದೆ, ಉತ್ತರಕ್ಕೆ ಇಪ್ಪತ್ತು ಹೆಜ್ಜೆ ಹೋಗಿ ಊರಿದ, ದಕ್ಷಿಣಕ್ಕೆ ನಲವತ್ತು ಹೆಜ್ಜೆ ಹೋಗಿ ಊರಿದ. ಬೇಲಿಸಾಲಿನ ಗುಂಟ ಅವನ ಕಡೆಯಲ್ಲೇ ಉದ್ದಕ್ಕೂ ಮೂರಡಿ. ಗಾಳಿ ಗಿಡಕ್ಕೆ ಬಡಿಯುವ ಮುಂಚೆಯೇ ನಿಧಾನವಾಗುತ್ತದೆ. ಹೊತ್ತ ಹಿಮದಲ್ಲಿ ಒಂದಷ್ಟನ್ನು ಈಚೆಗೇ ಇಳಿಸುತ್ತದೆ. ಅದು ಇಪ್ಪತ್ತಾರು ವರ್ಷ ಅವನ ಹೊಲಕ್ಕೇ ಬೀಳುತ್ತಿತ್ತು. ಅವನು ಟ್ರ್ಯಾಕ್ಟರಿನ ಮೇಲಿಂದ ನೋಡುತ್ತಿದ್ದದ್ದು ಅಂಚನ್ನು ಮಾತ್ರ.

ಜಗಳ ಇಲ್ಲಿಗೆ ಮುಗಿಯಬಹುದೆಂದು ನನಗೆ ಒಂದು ಗಳಿಗೆ ಆಸೆಯಾಯಿತು.

ಅವನು ಬೇಲಿಸಾಲಿನ ಸಂದಿಯಲ್ಲಿ ತೂರಿಕೊಂಡು ತೆಕ್ಲಾಳ ಕಡೆಗೆ ಹೋದ. ಕೇಳದೆ, ಅವಳ ಹೊಲಕ್ಕೆ ಊರಿದ. ಸಲಾಕೆಯ ಹಿಡಿ ನೆಲ ಮುಟ್ಟಿತು. ನಾಲ್ಕೂವರೆ ಅಡಿ. ಇನ್ನೂ ಇಳಿಯುತ್ತಿತ್ತೋ ಏನೋ, ಸರಳೇ ಮುಗಿದಿತ್ತು.

"ಹೆಂಗೆ!" ಎಂದು ಕೂಗಿದ. "ನನಗೆ ಮೂರು, ಅವಳಿಗೆ ನಾಲ್ಕೂವರೆ! ನನ್ ನೆಲದ ಗಿಡ, ನನ್ ನೆಲದ ಹಿಮ, ಅವಳಿಗೆ ಒಂದೂವರೆ ಅಡಿ ಜಾಸ್ತಿ! ಪ್ರೊಕಿಪ್, ಹತ್ತು. ಶುರು ಮಾಡು."

ಪಾರಾಸ್ಕಾ ಟ್ರಕ್ಕಿನಿಂದ ಇಳಿದು ಬಂದಳು. "ಅಯ್ಯೋ ಮನುಷ್ಯಾ, ನಿನ್ನ ಮೂರಡಿ ಹೋಗುತ್ತಲ್ಲೋ!"

"ಹೋಗ್ಲಿ! ಅವಳ ನಾಲ್ಕೂವರೇನೂ ಹೋಗುತ್ತಲ್ಲ!"

ನಾನು ತೆಕ್ಲಾಳ ಕಡೆ ನೋಡಿದೆ. ಅವಳು ಅಳುತ್ತಾಳೆಂದು ಅಂದುಕೊಂಡಿದ್ದೆ. ಅವಳು ಅಗಲಿಸಿದ್ದ ಕೈಗಳನ್ನು ಇಳಿಸಿ, ಕೋಟಿನ ಜೇಬಿಗೆ ಹಾಕಿಕೊಂಡು, ಬುಲ್ಡೋಜರಿನ ದಾರಿಯಿಂದ ಪಕ್ಕಕ್ಕೆ ಸರಿದಳು.

"ಕೀಳಪ್ಪಾ, ಪ್ರೊಕಿಪ್," ಎಂದಳು. "ಚೆನ್ನಾಗಿ ಕೀಳು. ಒಂದು ಬೇರೂ ಬಿಡಬೇಡ."

ಒನುಫ್ರಿ ಅನುಮಾನದಿಂದ ನಿಂತ. "ಏನಾಯ್ತು ನಿನಗೆ?"

"ಏನೂ ಇಲ್ಲ. ಹೊಸ ಸಾಲು ಹಾಕ್ತೀನಿ. ಎರಡು ಸಾವಿರದ ಆರುನೂರು ಸಸಿ. ಗಡಿ ಮೇಲಲ್ಲ ಕಣೋ, ದಡ್ಡ. ನನ್ ಹೊಲದೊಳಗೆ, ನಲವತ್ತು ಹೆಜ್ಜೆ ಒಳಗೆ. ಆಗ ಗಿಡದ ಹಿಂದಿನ ನಾಲ್ಕೂವರೆ ಅಡೀನೂ ನಂದೇ, ಗಿಡದ ಮುಂದಿನ ಮೂರಡೀನೂ ನಂದೇ. ನಿನ್ ಕಪ್ಪು ಹೊಲದ ಹಿಮ ಒಂದು ಚಮಚಾನೂ ನಿನಗೆ ಉಳಿಯಲ್ಲ. ಅಷ್ಟೂ ಬಾಚ್ಕೊಂಡು ಬರುತ್ತೆ ಗಾಳಿ. ಪ್ರೊಕಿಪ್‌ಗೆ ನೀನು ಕೊಡೋ ಕೂಲಿ ಎಷ್ಟು ಅಂತ ಹೇಳು, ನಾನೂ ಅರ್ಧ ಕೊಡ್ತೀನಿ."

"ಗಿಡ ಬೆಳೆಯೋಕೆ ಎಂಟು ವರ್ಷ ಬೇಕು."

"ಕಾಯ್ತೀನಿ. ನಿನ್ ಮೇಲಿನ ಸಿಟ್ಟಿಗೆ ಹದಿನೆಂಟು ವರ್ಷ ಬೇಕಾದ್ರೂ ಬದುಕ್ತೀನಿ."

ಒನುಫ್ರಿ ನನ್ನ ಕಡೆ ತಿರುಗಿದ. ಅವನ ಕಣ್ಣಿನಲ್ಲಿ ಸ್ಲೇಟು ತೊಳೆದು ತರುತ್ತಿದ್ದ ಆ ಹುಡುಗನೇ ಇದ್ದ. "ಟೀಚರಮ್ಮ, ಇವಳು ಸುಳ್ಳು ಹೇಳ್ತಾಳೆ. ನೀವು ಹೇಳಿ. ಸಸಿಗೆ ಬರೆದಿದ್ದೀರಾ?"

ಫೆಬ್ರುವರಿಯಲ್ಲಿ ನಾನು ಬರೆದುಕೊಟ್ಟ ಅರ್ಜಿ ಇನ್ನೂ ಅಡುಗೆಮನೆಯ ಗಡಿಯಾರದ ಹಿಂದೆಯೇ ಇತ್ತು. ಅದನ್ನು ನಾನು ಧೂಳು ಒರೆಸುವಾಗ ನೋಡಿದ್ದೆ. ತೆಕ್ಲಾ ಅಂಚೆಗೆ ಹಾಕಿರಲಿಲ್ಲ. ಹಾಕಿದರೆ ದನಿಲೋನ ಸಾಲು ಹೋಯಿತೆಂದು ತಾನೇ ಒಪ್ಪಿಕೊಂಡ ಹಾಗೆ ಎಂದು ಅವಳಿಗೆ ಅನ್ನಿಸಿತ್ತು. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು ನಾನು.

"ಅರ್ಜಿ ನಾನೇ ಬರೆದೆ, ಒನುಫ್ರಿ," ಎಂದೆ. "ಸಾಲು ಎಲ್ಲಿ ಬರಬೇಕು ಅಂತ ಗೆರೆ ಎಳೆದು ತೋರಿಸಿದವಳೂ ನಾನೇ."

ಆಡಿದ ಒಂದೊಂದು ಮಾತೂ ನಿಜ. ಆದರೂ ಅವತ್ತು ನನ್ನ ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ.

ಅವನು ಬಹಳ ಹೊತ್ತು ತನ್ನ ಕಪ್ಪು ಹೊಲವನ್ನು ನೋಡಿದ. ಆಮೇಲೆ ಬೇಲಿಸಾಲನ್ನು, ಆಮೇಲೆ ತೆಕ್ಲಾಳನ್ನು ನೋಡಿದ. ಕೊನೆಗೆ ಪ್ರೊಕಿಪ್‌ನಿಗೆ ಮನೆಗೆ ಹೋಗಲು ಕೈಮಾಡಿದ.

"ಬಂದ ಖರ್ಚು?" ಎಂದ ಪ್ರೊಕಿಪ್.

"ಕೊಡ್ತೀನಿ ಹೋಗೋ! ಏನ್ ನಿಂತು ನೋಡ್ತೀಯ?" ಮತ್ತೆ ತೆಕ್ಲಾಳ ಕಡೆ ಬೆರಳು ತೋರಿಸಿ, "ಈ ಸಾಲು ನಂದು. ತಿಳೀತಾ? ನನ್ ಆಸ್ತಿ. ಇನ್ಮೇಲೆ ಒಂದು ಕಡ್ಡಿ ಮುಟ್ಟಿದ್ಯೋ, ಪೊಲೀಸ್ ಕರೀತೀನಿ. ಇದು ಇಲ್ಲೇ ಇರುತ್ತೆ. ನೀನು ಸಾಯೋ ತನಕ ಇರುತ್ತೆ. ನಿನ್ ಸಾಲಿಗೆ ಒಂದು ಚಮಚ ಹಿಮ ಬಿಡಲ್ಲ ನಾನು!"

"ಅಯ್ಯೋ, ನನ್ ಹೊಟ್ಟೆ ಉರಿಸಿದೆಯಲ್ಲೋ ಪಾಪಿ!" ಎಂದು ತೆಕ್ಲಾ ಎದೆ ಬಡಿದುಕೊಂಡಳು. ಅವಳು ನಟಿಸುತ್ತಿದ್ದಾಳೆಂದು ತಿಳಿಯಲು ನನಗೂ ಒಂದು ಕ್ಷಣ ಬೇಕಾಯಿತು.

ವಾರದೊಳಗೆ ಬೇಲಿಸಾಲಿಗೆ ಇಪ್ಪತ್ತೆರಡು ಹಲಗೆ ಬಂದವು. 'ಒನುಫ್ರಿಯ ಸ್ವತ್ತು, ಮುಟ್ಟಬಾರದು' ಎಂದು ಎರಡು ಭಾಷೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದಿದ್ದ. ನಾನು ಕಲಿಸಿದ ಅಕ್ಷರ, ದುಂಡಗೆ ಚೆನ್ನಾಗಿತ್ತು. ಮಾತು ಮಾತ್ರ ಪೂರ್ತಿ ನಿಂತಿತು. ಚರ್ಚಿನಲ್ಲಿ ಅವನು ಕೂರುವ ಬೆಂಚು ಬದಲಾಯಿಸಿದ. ಫೋನಿನಲ್ಲಿ ನಮ್ಮ ಗಂಟೆ ಬಾರಿಸಿದರೆ ಅವನ ಮನೆಯ ರಿಸೀವರ್ ಎತ್ತುವ ಸದ್ದು ಕೇಳುತ್ತಿತ್ತು, ಪಾರಾಸ್ಕಾಳ ಕೆಮ್ಮು ಕೇಳುತ್ತಿರಲಿಲ್ಲ.

ಆ ವರ್ಷ ತೆಕ್ಲಾಳಿಗೆ ಇನ್ನೊಂದು ಕಷ್ಟ ಆಯಿತು. ಹಸಿ ಹೆಚ್ಚಾಗಿ, ಬೇಲಿಸಾಲಿನ ಬೆನ್ನಿಗಿದ್ದ ಪಟ್ಟೆಯಲ್ಲಿ ಜೂನಿನವರೆಗೂ ಟ್ರ್ಯಾಕ್ಟರ್ ಹೂತುಕೊಳ್ಳುತ್ತಿತ್ತು. ಗಿಡ ನೆಲದಿಂದಲೇ ದಟ್ಟವಾಗಿ ಬೆಳೆದು ಗೋಡೆಯಂತಾಗಿದ್ದರಿಂದ ಹಿಮವೆಲ್ಲ ಒಂದೇ ಕಡೆ ಗುಡ್ಡವಾಗಿ ಬೀಳುತ್ತಿತ್ತು. ಕೆಳಗಿನ ಕೊಂಬೆ ಸವರಿದರೆ ಗಾಳಿ ಸ್ವಲ್ಪ ತೂರಿ ಹೋಗುತ್ತದೆ, ಹಿಮ ತೆಳ್ಳಗೆ ಹಾಸಿಕೊಂಡು ಹೊಲದ ಒಳಗಿನವರೆಗೂ ಬೀಳುತ್ತದೆ. ಅದು ನಮಗೆ ಗೊತ್ತಿತ್ತು. ಆದರೆ ಮುಟ್ಟುವ ಹಾಗಿರಲಿಲ್ಲ.

ನವೆಂಬರಿನ ಮೊದಲ ವಾರ ಒಂದು ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಒನುಫ್ರಿ ಕೊಡಲಿ ಹಿಡಿದು ಬೇಲಿಸಾಲಿನ ಬುಡದಲ್ಲಿ ಬಗ್ಗಿದ್ದ. ಗಿಡದ ಮೇಲಿನದನ್ನು ಮುಟ್ಟದೆ, ಕೆಳಗಿನ ಮೂರಡಿಯ ಕೊಂಬೆಗಳನ್ನು ಮಾತ್ರ ಕಡಿದು ತನ್ನ ಕಡೆಗೆ ಎಳೆದು ಹಾಕುತ್ತಿದ್ದ. ತೆಕ್ಲಾಳ ಹಿಮದ ಗುಡ್ಡ ಕರಗಿಸಬೇಕೆಂಬುದು ಅವನ ಲೆಕ್ಕ. ಅವಳ ನಾಲ್ಕೂವರೆ ಅಡಿ ಅವನಿಗೆ ಇನ್ನೂ ಚುಚ್ಚುತ್ತಿತ್ತು.

"ತೆಕ್ಲಾ, ಬಂದು ನೋಡು," ಎಂದೆ. "ಅವನಿಗೆ ಗೊತ್ತಿಲ್ಲದೆ ನಿನಗೆ ಉಪಕಾರ ಮಾಡ್ತಾ ಇದ್ದಾನೆ. ಹೋಗಿ ಒಂದು ಒಳ್ಳೆ ಮಾತು ಹೇಳು. ಇಲ್ಲದಿದ್ದರೆ ನಾನು ಚಹಾ ತಗೊಂಡು ಹೋಗ್ತೀನಿ."

ತೆಕ್ಲಾ ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು.

"ನೀವು ಎಲ್ಲೂ ಹೋಗಬೇಡಿ, ಅತ್ತಿಗೆ," ಎಂದು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟಳು.

ಅವಳ ಕೂಗು ಮುಚ್ಚಿದ ಕಿಟಕಿಯ ಒಳಗೂ ಕೇಳಿಸಿತು. "ಏಯ್ ಹಾಳಾದವನೇ! ಏನ್ ಮಾಡ್ತಾ ಇದ್ದೀಯೋ? ನನ್ ಹೊಲ ಹಾಳು ಮಾಡೋಕೆ ನಿಂತ್ಯಾ? ಒಂದು ಕೊಂಬೆ ಕಡಿದ್ಯೋ, ನಿನ್ ಕಾಲು ಮುರೀತೀನಿ!"

"ನನ್ ಗಿಡ! ಬೇಕಾದಷ್ಟು ಕಡೀತೀನಿ!"

"ನನ್ ಹಿಮ ಎಲ್ಲಾ ಚೆಲ್ಲಾಪಿಲ್ಲಿ ಆಗುತ್ತಲ್ಲೋ!"

"ಆಗ್ಲಿ ಅಂತಾನೇ! ಇನ್ನೂ ಕಡೀತೀನಿ, ನೋಡ್ತಿರು!" ಕೊಡಲಿಯ ಸದ್ದು ಮೊದಲಿಗಿಂತ ಜೋರಾಯಿತು.

ಕತ್ತಲಾಗುವ ಹೊತ್ತಿಗೆ ಅವಳು ಮೂಗು ಕೆಂಪಗೆ ಮಾಡಿಕೊಂಡು ಒಳಗೆ ಬಂದಳು. ಒಲೆಯ ಮುಂದೆ ಕೂತು ಬೂಟು ಬಿಚ್ಚುತ್ತಾ, ಗಂಟಲು ಕಟ್ಟಿದೆ, ಸ್ವಲ್ಪ ಜೇನು ಹಾಕಿ ಚಹಾ ಕೊಡಿ ಎಂದಳು.

"ಎಷ್ಟು ದೂರ ಆಯ್ತು?" ಎಂದು ಕೇಳಿದೆ.

"ಮೂರನೇ ಒಂದು ಪಾಲು ಆಗಿದೆ. ನಡುವೆ ಸುಸ್ತಾಗಿ ನಿಲ್ಲಿಸ್ತಾನೆ ಅನ್ನಿಸ್ತು. ಅವರಪ್ಪನ ಎಣಿಕೆ ಬಗ್ಗೆ ಎರಡು ಮಾತು ಹೇಳಿದೆ, ಮತ್ತೆ ಶುರು ಮಾಡಿದ." ಚಹಾ ಊದಿ ಒಂದು ಗುಟುಕು ಕುಡಿದಳು. "ಬೆಳಿಗ್ಗೆ ಬೇಗ ಎಬ್ಬಿಸಿ, ಅತ್ತಿಗೆ. ನಾಳೆ ಇಡೀ ದಿನ ಬೈಯಬೇಕು."